ರಾತ್ರಿ ಪಾಳಿಯ ನೀರು, ಕಿಸೆಯೊಳಗಿನ ಬ್ಯಾಟರಿ

(ಪಾಡ್‌ಕಾಸ್ಟ್‌ನ ಲಿಖಿತ ರೂಪ. ಬನಹಟ್ಟಿಯಿಂದ.)

ಇವತ್ತಿನ ಮಾತು ಬ್ಯಾಟರಿ ಬಗ್ಗೆ. ಬೆಂಗಳೂರು, ಮೈಸೂರು ಕಡೆಯಿಂದ ಕೇಳೋರಿಗೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ಬನಹಟ್ಟಿ, ರಬಕವಿ, ತೇರದಾಳ, ಜಮಖಂಡಿ ಕಡೆ ಬ್ಯಾಟರಿ ಅಂದರೆ ಟಾರ್ಚು. ಅದರೊಳಗೆ ಹಾಕೋದು ಸೆಲ್ಲು. ಹಂಗಾಗಿ ನಾನು ‘ಬ್ಯಾಟರಿ ಹಚ್ಚಿ ನೋಡ್ರಿ’ ಅಂದರೆ ಬೆಂಕಿ ಹಚ್ಚೋ ಮಾತಲ್ಲ ಅದು, ಟಾರ್ಚ್ ಹಾಕಿ ನೋಡಿ ಅಂತ.

ನಾನು ಬನಹಟ್ಟಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟವನು. ಮೋಟರ್ ಸ್ಟಾರ್ಟರ್, ಕೇಬಲ್ಲು, ಬಲ್ಬು, ಅದರ ಜೊತೆ ಬ್ಯಾಟರಿ ಕೂಡ ಮಾರ್ತೀನಿ. ಅದಕ್ಕೇ ಇವತ್ತು ಒಂದು ಕಂಪನಿಯ ಹೆಸರೂ ಎತ್ತೋದಿಲ್ಲ. ಹೆಸರು ಹೇಳಿದರೆ ‘ಅವನ ಅಂಗಡ್ಯಾಗ ಅದ ಐತಿ, ಅದಕ್ಕ ಹೇಳ್ತಾನ’ ಅಂತೀರಿ. ನೀವು ಎಲ್ಲಿ ಬೇಕಾದರೂ ತಗೊಳ್ಳಿ, ಏನು ನೋಡಿ ತಗೋಬೇಕು ಅನ್ನೋದಷ್ಟು ಹೇಳ್ತೀನಿ.

ಸಣ್ಣ ಸಾಮಾನು ಇದು, ಅರ್ಧ ತಾಸು ಮಾತಾಡೋಕೆ ಇದರಲ್ಲಿ ಏನಿದೆ ಅಂತ ಕೇಳಬಹುದು. ನಮ್ಮ ಭಾಗದಲ್ಲಿ ಕಬ್ಬು. ಹೊಳಿ ದಂಡೆಯಿಂದ ಹಿಡಿದು ಮಹಾಲಿಂಗಪುರ, ಮುಧೋಳದ ತನಕ ಕಬ್ಬೇ ಕಬ್ಬು. ಕಬ್ಬಿಗೆ ನೀರು ಬೇಕು, ನೀರಿಗೆ ತ್ರೀ ಫೇಸ್ ಕರೆಂಟು ಬೇಕು. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ಅಂತ ಲೆಕ್ಕ. ಆ 7 ತಾಸು ಪಾಳಿ ಮೇಲೆ ಬರುತ್ತೆ. ನಿಮ್ಮ ಫೀಡರಿಗೆ ರಾತ್ರಿ ಪಾಳಿ ಬಂತು ಅಂದರೆ ಹನ್ನೆರಡಕ್ಕೋ ಎರಡಕ್ಕೋ ಎದ್ದು ಹೊಲಕ್ಕೆ ಹೋಗಬೇಕು. ಆಟೋ ಸ್ಟಾರ್ಟರ್, ಮೊಬೈಲ್ ಸ್ಟಾರ್ಟರ್ ಬಂದಾವ, ಖರೆ. ಆದರೆ ಮೋಟರ್ ತಾನೇ ಚಾಲೂ ಆದರೂ ಒಂದು ಸಾಲು ತುಂಬಿದ ಮೇಲೆ ಇನ್ನೊಂದು ಸಾಲಿಗೆ ನೀರು ತಿರುವೋಕೆ ಮನುಷ್ಯನೇ ಬೇಕಲ್ಲ. ಸಲಿಕೆ ಹಿಡಿದು, ಒಡ್ಡಿನ ಮೇಲೆ, ಒದ್ದೆ ಮಣ್ಣಿನಲ್ಲಿ, ಬಹಳ ಮಂದಿ ಬರಿಗಾಲಲ್ಲಿ ಹೋಗ್ತಾರೆ.

ಅದೇ ಹೊತ್ತಿಗೆ ಹಾವೂ ಹೊರಗೆ ಬಂದಿರುತ್ತೆ. ಕಬ್ಬಿನಲ್ಲಿ ಇಲಿ ಜಾಸ್ತಿ, ಇಲಿ ಇದ್ದಲ್ಲಿ ಹಾವು. ಕೊಳಕುಮಂಡಲ ರವದಿಯೊಳಗೆ ಸುರುಳಿ ಸುತ್ತಿ ಮಲಗಿದರೆ ಹಗಲಿನಲ್ಲೇ ಗುರುತು ಸಿಗೋದಿಲ್ಲ. ಕಟ್ಟುಹಾವು ಅಂತೂ ರಾತ್ರಿಯೇ ತಿರುಗೋದು. ನಮ್ಮ ದೇಶದ ಲೆಕ್ಕ ಕೇಳಿದರೆ ಎದೆ ಝಲ್ ಅನ್ನುತ್ತೆ. 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಅಂತ ಸಂಶೋಧಕರು ಅಂದಾಜು ಮಾಡಿದ್ದಾರೆ. ಅದರಲ್ಲಿ ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಮಳೆಗಾಲದಲ್ಲೇ. ಕರ್ನಾಟಕ ಸರಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಯಾವ ಆಸ್ಪತ್ರೆಗೆ ಬಂದರೂ ಆ ಕೇಸು ಲೆಕ್ಕಕ್ಕೆ ಬರಬೇಕು ಅಂತ.

ಇದಕ್ಕೆಲ್ಲ ಬ್ಯಾಟರಿ ಒಂದೇ ಪರಿಹಾರ ಅಂತ ನಾನು ಹೇಳ್ತಿಲ್ಲ. ಮೊಣಕಾಲಿನವರೆಗೆ ಬರೋ ಗಮ್‌ಬೂಟು ಮೊದಲು ಬೇಕು. ಆದರೆ ಕಾಲು ಎಲ್ಲಿ ಇಡ್ತೀವಿ ಅನ್ನೋದು ಕಾಣಬೇಕಲ್ಲ. ಅದಕ್ಕೆ ಬೆಳಕು ಬೇಕು, ಮತ್ತು ಎಂಥ ಬೆಳಕು ಅನ್ನೋದರಲ್ಲೇ ಎಲ್ಲ ಇದೆ.

ನಮ್ಮ ಹಿರಿಯರ ಕಾಲಕ್ಕೆ ಕಂದೀಲು. ಆಮೇಲೆ ಮೂರು ಸೆಲ್ಲಿನ ಉದ್ದ ಬ್ಯಾಟರಿ, ಹಿತ್ತಾಳೆಯದ್ದು ಇಲ್ಲ ಸ್ಟೀಲಿನದ್ದು. ಆಗ ಮದುವೆಯಲ್ಲಿ ಅಳಿಯನಿಗೆ ವಾಚು, ಸೈಕಲ್ಲು, ಬ್ಯಾಟರಿ ಕೊಡೋದು ಒಂದು ಮರ್ಯಾದೆ ಇತ್ತು. ಅದರ ದೊಡ್ಡ ಸೆಲ್ಲುಗಳದ್ದೇ ಕಾಲು ಕಿಲೋ ಮೇಲೆ ತೂಕ. ಮಳೆಗಾಲ ಮುಗಿಯೋದರೊಳಗೆ ಸೆಲ್ಲು ಸೋರಿ ಒಳಗೆಲ್ಲ ಹಸಿರು ಕಿಲುಬು. ಬಿಸಿಲಿಗೆ ಸೆಲ್ಲು ಇಟ್ಟು ಮತ್ತೆ ಎರಡು ದಿನ ನಡೆಸೋರೂ ಇದ್ದರು. ಒಳಗಿನ ಪುಟಾಣಿ ಬಲ್ಬು ಸುಟ್ಟರೆ ಮುಚ್ಚಳದಲ್ಲಿ ಇನ್ನೊಂದು ಬಲ್ಬು ಬಚ್ಚಿಟ್ಟಿರುತ್ತಿತ್ತು, ನೆನಪದಾವ?

ಆ ಬಲ್ಬಿನ ಕಾಲ ಮುಗಿಸಿದ್ದು ಎಲ್‌ಇಡಿ. ಕೆಂಪು, ಹಸಿರು ಎಲ್‌ಇಡಿ ಹಿಂದಿನಿಂದ ಇದ್ದವು. ನೀಲಿ ಸಿಕ್ಕಿದ್ದು 1990ರ ದಶಕದಲ್ಲಿ, ಜಪಾನಿನಲ್ಲಿ. ಆ ಕೆಲಸಕ್ಕೆ ಮೂರು ಜನ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಂತು. ನೀಲಿ ಚಿಪ್ಪಿನ ಮೇಲೆ ಹಳದಿ ಪುಡಿ ಬಳಿದರೆ ನಮ್ಮ ಕಣ್ಣಿಗೆ ಬಿಳಿ ಬೆಳಕು. ಈಗ ನಿಮ್ಮ ಬ್ಯಾಟರಿಯೊಳಗೆ ಕಾಣೋ ಆ ಹಳದಿ ಚುಕ್ಕೆ ಅದೇ. ಹೆಬ್ಬೆರಳಿನಷ್ಟು ದಪ್ಪ, ಅಂಗೈಯಷ್ಟು ಉದ್ದದ ಬ್ಯಾಟರಿ ಇವತ್ತು ಆ ಮೂರು ಸೆಲ್ಲಿನ ಬ್ಯಾಟರಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕು ಕೊಡುತ್ತೆ, ಅಂಗಿ ಕಿಸೆಯಲ್ಲೇ ಕೂಡುತ್ತೆ.

ಈಗ ಅಂಗಡಿಗೆ ಬರೋಣ. ಬಂದವರು ಮೊದಲು ಕೇಳೋದು, ‘ಎಷ್ಟು ದೂರ ಬೀಳತೈತ್ರಿ?’ ಬ್ಯಾಟರಿ ಹಚ್ಚಿ ರಸ್ತೆಯಾಚೆಯ ಮೂರನೇ ಮಹಡಿ ಮೇಲೆ ಬಿಟ್ಟು ನೋಡ್ತಾರೆ. ಅಲ್ಲಿ ಒಂದು ಬಿಳಿ ಚುಕ್ಕೆ ಬಿದ್ದರೆ ಖುಷಿ. ಅಲ್ರೀ, ಹಾವು ಮೂರನೇ ಮಹಡಿಯಲ್ಲಿ ಇರೋದಿಲ್ಲ. ನಿಮ್ಮ ಕಾಲಿನಿಂದ ನಾಲ್ಕು ಮಾರು ಒಳಗೆ ಇರುತ್ತೆ.

ದೂರ ಬೀಳೋ ಬೆಳಕು ಅಂದರೆ ಒಂದೇ ಕಡೆ ಕೂಡಿಸಿದ ಬೆಳಕು. ನಡುವೆ ಪ್ರಖರ ಚುಕ್ಕೆ, ಸುತ್ತ ಕತ್ತಲು. ಆ ಚುಕ್ಕೆ ನೋಡಿ ನೋಡಿ ನಿಮ್ಮ ಕಣ್ಣಿನ ಪಾಪೆ ಸಣ್ಣದಾಗುತ್ತೆ, ಪಕ್ಕದ ಕತ್ತಲು ಇನ್ನೂ ಕಪ್ಪಾಗುತ್ತೆ. ಮೂತಿ ಹಿಂದೆ ಮುಂದೆ ಎಳೆಯೋ ಝೂಮ್ ಬ್ಯಾಟರಿಗಳ ತೊಂದರೆ ಇದೇ. ಪೂರ್ತಿ ಎಳೆದರೆ ಗೋಡೆ ಮೇಲೆ ಚೌಕಾಕಾರದ ತುಂಡು ಬೆಳಕು ಬೀಳುತ್ತೆ ನೋಡ್ರಿ, ಅದು ಎಲ್‌ಇಡಿಯದ್ದೇ ಚಿತ್ರ. ನೋಡೋಕೆ ಚೆಂದ, ನಡೆಯೋಕೆ ಕೆಟ್ಟದು. ಮೇಲಾಗಿ ಜಾರಾಡೋ ಆ ಮೂತಿಯ ಸಂದಿಯಿಂದ ನೀರು, ಹೊಲದ ಧೂಳು ಎರಡೂ ಒಳಗೆ ಹೋಗುತ್ತೆ. ನಾನಂತೂ ನೀರು ಹಾಯಿಸೋರಿಗೆ ಝೂಮ್ ಕೊಡೋದಿಲ್ಲ. ಬೇಕೇ ಬೇಕು ಅಂದರೆ ಕೊಡ್ತೀನಿ, ವ್ಯಾಪಾರ. ಆದರೆ ಹೇಳಿ ಕೊಡ್ತೀನಿ.

ನಡೆಯೋಕೆ ಬೇಕಾದದ್ದು ಹರಡೋ ಬೆಳಕು. ಬ್ಯಾಟರಿಯ ಬಟ್ಟಲಿನೊಳಗೆ ನೋಡ್ರಿ. ಕನ್ನಡಿಯಂತೆ ನುಣುಪಾಗಿದ್ದರೆ ಬೆಳಕು ದೂರ ಹೋಗುತ್ತೆ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಬೆಳಕು ಮೆತ್ತಗೆ ಹರಡುತ್ತೆ. ಬಟ್ಟಲಿನ ಜಾಗದಲ್ಲಿ ತರಿತರಿ ಲೆನ್ಸ್ ಇರುವಂಥವೂ ಚಲೋ. ಅಂಗಡಿಯ ಗೋಡೆಗೆ ಒಂದೂವರೆ ಮಾರು ದೂರದಿಂದ ಹಿಡಿದು ನೋಡಿದರೆ ನಡುವಿನ ಬೆಳಕು, ಸುತ್ತಿನ ಬೆಳಕು ಒಂದಕ್ಕೊಂದು ಬೆರೆತಂತೆ ಕಾಣಬೇಕು, ಗೆರೆ ಹೊಡೆದಂತೆ ಕತ್ತರಿಸಬಾರದು.

ಎರಡನೇ ಪ್ರಶ್ನೆ ಲುಮೆನ್ ಬಗ್ಗೆ. ಡಬ್ಬಿ ಮೇಲೆ 10,000 ಲುಮೆನ್, 50,000 ಲುಮೆನ್ ಅಂತ ಬರೆದಿರ್ತಾರೆ. ಬೆಲೆ 350 ರೂಪಾಯಿ. ಇದು ಹೆಂಗ ಸುಳ್ಳು ಅಂತ ನೀವೇ ಲೆಕ್ಕ ಹಾಕಬಹುದು, ಎಸ್ಸೆಸ್ಸೆಲ್ಸಿ ಗಣಿತ ಸಾಕು. ನಿಮ್ಮ ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಡಬ್ಬಿ ನೋಡ್ರಿ, ಸುಮಾರು 900 ಲುಮೆನ್ ಅಂತ ಇರುತ್ತೆ. ಅಂದರೆ ಒಂದು ವ್ಯಾಟಿಗೆ ಹತ್ತಿರಹತ್ತಿರ 100 ಲುಮೆನ್. 10,000 ಲುಮೆನ್ ಬೇಕಂದರೆ 100 ವ್ಯಾಟ್ ಬೇಕು. ಈಗ ಸೆಲ್ಲು. 18650 ಅಂತ ಒಂದು ಲಿಥಿಯಂ ಸೆಲ್ಲು ಬರುತ್ತೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಒಳ್ಳೆಯದು ಅಂದರೆ 3.6 ವೋಲ್ಟು, 2600 ಎಂಎಎಚ್. ಗುಣಿಸಿದರೆ ಸುಮಾರು 9.4 ವ್ಯಾಟ್ ತಾಸು. 100 ವ್ಯಾಟನ್ನು ಇದು ಎಷ್ಟು ಹೊತ್ತು ಕೊಡಬಹುದು? ಆರು ನಿಮಿಷವೂ ಇಲ್ಲ. ಅದೂ ಕೊಟ್ಟರೆ. ಅಂಗೈಯಷ್ಟು ಡಬ್ಬಿಯಲ್ಲಿ 100 ವ್ಯಾಟ್ ಉರಿಸಿದರೆ ಕೈ ಬೊಬ್ಬೆ ಬರುತ್ತೆ. ಅದರ ಮೇಲೆ ‘10 ತಾಸು ಬಾಳಿಕೆ’ ಅಂತ ಬರೆದಿದ್ದರೆ ಅಂಥ ಸೆಲ್ಲು ನೂರು ಬೇಕು. ತಳ್ಳುಗಾಡಿ ಒಯ್ಯಬೇಕಾಗುತ್ತೆ ಹೊಲಕ್ಕೆ.

ಅದೇ ಲೆಕ್ಕ ತಿರುಗಿಸಿ ಹಾಕಿದರೆ ಒಳ್ಳೆ ಸುದ್ದಿ ಐತಿ. 100 ಲುಮೆನ್ ಸಾಕು ಅಂದರೆ ಒಂದೇ ವ್ಯಾಟು. ಆ ಒಂದು ಸೆಲ್ಲು 9 ತಾಸು ಬರುತ್ತೆ. 100 ಲುಮೆನ್ ಒಡ್ಡಿನ ಮೇಲೆ ನಡೆಯೋಕೆ ಧಾರಾಳ. ನಿಮ್ಮ ಮೊಬೈಲಿನ ಲೈಟು ಹೆಚ್ಚುಕಡಿಮೆ ಅದರ ಅರ್ಧ. ಹಂಗಾದರೆ ಮೊಬೈಲೇ ಸಾಕಲ್ಲ ಅಂತ ಹುಡುಗರು ವಾದ ಮಾಡ್ತಾರೆ. ಮೊಬೈಲು ಕಾಲುವೆಯಲ್ಲಿ ಬಿದ್ದರೆ? ಮೊಬೈಲಿನ ಚಾರ್ಜು ಲೈಟಿಗೇ ಖಾಲಿ ಆಗಿ, ಹಾವು ಕಚ್ಚಿದ ಹೊತ್ತಿಗೆ 108ಕ್ಕೆ ಫೋನ್ ಮಾಡೋಕೆ ಆಗದಿದ್ದರೆ? ಮೊಬೈಲನ್ನು ಕಿಸೆಯಲ್ಲಿ ಇಡ್ರಿ, ಬ್ಯಾಟರಿಯನ್ನು ಕೈಯಲ್ಲಿ ಹಿಡೀರಿ.

ಡಬ್ಬಿಯ ಮೇಲೆ ನಂಬಬಹುದಾದ ಬರಹವೂ ಇರುತ್ತೆ. ಎಫ್‌ಎಲ್ 1 ಅಂತ ಒಂದು ಮಾನದಂಡ, 2009ರಲ್ಲಿ ಅಮೆರಿಕದಲ್ಲಿ ಬಂದದ್ದು. ಹೊಸ ಸೆಲ್ಲು ಹಾಕಿ, ಹಚ್ಚಿದ ಮೇಲೆ ಅರ್ಧ ನಿಮಿಷ ಬಿಟ್ಟು ಬೆಳಕು ಅಳೀಬೇಕು ಅಂತ ಅದರ ನಿಯಮ. ಆದರೆ ಅದರಲ್ಲೂ ಎರಡು ಕಡೆ ಹುಷಾರಾಗಿರಬೇಕು. ಬಾಳಿಕೆ ಅಂತ ಬರೆಯೋದು ಬೆಳಕು ಮೊದಲಿನ ಹತ್ತನೇ ಒಂದು ಪಾಲಿಗೆ ಇಳಿಯೋವರೆಗಿನ ಸಮಯ. ಅಂದರೆ 1000 ಲುಮೆನ್, 3 ತಾಸು ಅಂತ ಇದ್ದರೆ ಮೂರು ತಾಸೂ 1000 ಇರೋದಿಲ್ಲ. ಸಣ್ಣ ಬ್ಯಾಟರಿ ಆದರೆ ಒಂದೆರಡು ನಿಮಿಷದಲ್ಲೇ ಬಿಸಿಯಾಗಿ ತಾನೇ ಮೂರು ನಾಲ್ಕು ನೂರಕ್ಕೆ ಇಳಿಯುತ್ತೆ. ಅದು ಕೆಟ್ಟದ್ದಲ್ಲ, ಇಳಿಯದಿದ್ದರೆ ಸುಟ್ಟುಹೋಗ್ತಿತ್ತು. ಇನ್ನು ದೂರ. 200 ಮೀಟರ್ ಅಂತ ಬರೆದರೆ, 200 ಮೀಟರ್ ಆಚೆ ಬೀಳೋದು ಹುಣ್ಣಿಮೆ ಬೆಳದಿಂಗಳಿನಷ್ಟು ಬೆಳಕು. ಅಲ್ಲಿ ನಿಂತದ್ದು ಎಮ್ಮೆಯೋ ಬಣವೆಯೋ ಗೊತ್ತಾಗೋಕೆ ಇನ್ನಷ್ಟು ಹತ್ತಿರ ಹೋಗಬೇಕು. ನಾನು ಅದರ ಮೂರನೇ ಒಂದು ಪಾಲು ಅಂತ ಲೆಕ್ಕ ಹಿಡೀತೀನಿ.

ಇನ್ನು ಗುಂಡಿಯ ವಿಷಯ. ಇದಕ್ಕೆ ಯಾರೂ ಗಮನ ಕೊಡೋದಿಲ್ಲ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಅಗ್ಗದ ಬ್ಯಾಟರಿಯಲ್ಲಿ ಗುಂಡಿ ಒತ್ತಿದರೆ ಪೂರ್ತಿ ಬೆಳಕು, ಮತ್ತೆ ಒತ್ತಿದರೆ ಅರ್ಧ, ಮತ್ತೆ ಒತ್ತಿದರೆ ಪಕಪಕ ಮಿನುಗೋದು, ಇನ್ನೂ ಒತ್ತಿದರೆ ಎಸ್‌ಒಎಸ್ ಅಂತ ಬಿಟ್ಟು ಬಿಟ್ಟು ಮಿನುಗೋದು. ಆರಿಸಬೇಕಾದರೂ ಇದೆಲ್ಲ ದಾಟಿ ಹೋಗಬೇಕು. ಸರಸರ ಸಪ್ಪಳ ಆಯಿತು, ಗಾಬರಿಯಲ್ಲಿ ಬ್ಯಾಟರಿ ಹಚ್ಚಿದಿರಿ, ಅದು ಡಿಸ್ಕೋ ಲೈಟಿನಂತೆ ಪಕಪಕ ಅಂದರೆ ಏನು ಕಾಣಬೇಕು? ಒಂದು ಒತ್ತಿಗೆ ನೀವು ಅಂದುಕೊಂಡ ಬೆಳಕೇ ಬರಬೇಕು. ಹಿಂದೆ ಇಟ್ಟ ಮಟ್ಟವನ್ನು ನೆನಪು ಇಟ್ಟುಕೊಳ್ಳುವಂಥವು ಬರ್ತಾವ, ಅವು ಚಲೋ. ಮಿನುಗೋದು ಇದ್ದರೂ ಎರಡು ಸಲ ಬೇಗ ಒತ್ತಿದರೆ ಮಾತ್ರ ಬರುವಂತಿದ್ದರೆ ಸರಿ.

ಒಂದು ಸಣ್ಣ ಬೆಳಕೂ ಇರಬೇಕು, ಒಂದೆರಡು ಲುಮೆನ್ ಅಷ್ಟೇ. ರಾತ್ರಿ ಎದ್ದು ನೀರು ಕುಡಿಯೋಕೆ, ಮಲಗಿದ ಕೂಸಿನ ಹಾಸಿಗೆ ನೋಡೋಕೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ ಕಣ್ಣಿಗೆ 20ರಿಂದ 30 ನಿಮಿಷ ಬೇಕು, ಜೋರು ಬೆಳಕು ಒಂದು ಕ್ಷಣದಲ್ಲಿ ಅದನ್ನು ಕೆಡಿಸುತ್ತೆ. ಕಟ್ಟುಹಾವು ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರೋದು ಹೆಚ್ಚು. ಅದಕ್ಕೇ ತಲೆದಿಂಬಿನ ಹತ್ತಿರ ಬ್ಯಾಟರಿ ಇಡ್ರಿ, ಕಾಲು ಕೆಳಗೆ ಇಡೋ ಮೊದಲು ಹಚ್ಚಿ ನೋಡ್ರಿ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿದರೆ ಅದು ಹಾವಿಗೂ ಅಡ್ಡಿ.

ತೇರದಾಳದಿಂದ ಒಬ್ಬರು ತಂಗಿ ಪ್ರಶ್ನೆ ಕಳಿಸಿದ್ದಾರೆ. ‘ಅಣ್ಣಾರ, ನಮ್ಮ ಮನೆಯವರು ತಲಿಗೆ ಕಟಗೊಳ್ಳೋ ಲೈಟ್ ತಂದಾರ. ಅದು ಚಲೋನೋ, ಕೈಯಾಗ ಹಿಡಿಯೋದು ಚಲೋನೋ?’ ಬಹಳ ಒಳ್ಳೆ ಪ್ರಶ್ನೆ, ತಂಗಿ. ಸಲಿಕೆ ಹಿಡಿದು ಮಡಿ ತಿರುವೋಕೆ ಎರಡೂ ಕೈ ಬೇಕು, ಆಗ ತಲೆಯ ಲೈಟು ಚಲೋ. ಆದರೆ ನಡೆಯುವಾಗ ಅದರಲ್ಲೊಂದು ಮೋಸ ಐತಿ. ಬೆಳಕು ಕಣ್ಣಿನ ಹತ್ತಿರದಿಂದಲೇ ಹೋದರೆ ನೆಲದ ಮೇಲಿನ ವಸ್ತುವಿನ ನೆರಳು ಆ ವಸ್ತುವಿನ ಹಿಂದೆಯೇ ಅಡಗುತ್ತೆ, ನಮಗೆ ಕಾಣೋದಿಲ್ಲ. ಗುಂಡಿ, ದಿಬ್ಬ, ಹಗ್ಗ, ಹಾವು ಎಲ್ಲಾ ಒಂದೇ ಮಟ್ಟಕ್ಕೆ ಚಪ್ಪಟೆ ಕಾಣುತ್ತೆ. ಅದೇ ಬೆಳಕನ್ನು ಸೊಂಟದ ಮಟ್ಟದಲ್ಲಿ ಕೈಯಲ್ಲಿ ಹಿಡಿದರೆ ನೆರಳು ಉದ್ದಕ್ಕೆ ಬೀಳುತ್ತೆ. ಒಂದು ಸಣ್ಣ ಕಲ್ಲು ಕೂಡ ಎದ್ದು ಕಾಣುತ್ತೆ. ಇವತ್ತು ರಾತ್ರಿ ಅಂಗಳದಲ್ಲಿ ಒಂದು ಹಗ್ಗ ಬೀಸಾಡಿ ಎರಡೂ ರೀತಿ ನೋಡ್ರಿ, ತಾನೇ ತಿಳಿಯುತ್ತೆ. ಇನ್ನೊಂದು, ಮಳೆಗಾಲದಲ್ಲಿ ಹಣೆಗೆ ಬೆಳಕು ಕಟ್ಟಿದರೆ ಹುಳ ಎಲ್ಲಾ ಸೀದಾ ಬಾಯಿಗೇ. ಹಂಗಾಗಿ ಹೋಗುವಾಗ ಬರುವಾಗ ಕೈಯಲ್ಲಿ, ಕೆಲಸ ಮಾಡುವಾಗ ತಲೆಯಲ್ಲಿ.

ಎರಡು ಕೊಳ್ಳೋಕೆ ಆಗೋದಿಲ್ಲ ಅಂದರೆ ಮೂತಿ ಅಡ್ಡಕ್ಕೆ ತಿರುಗಿದ, ಇಂಗ್ಲಿಷ್ ಎಲ್ ಅಕ್ಷರದ ಆಕಾರದ ಬ್ಯಾಟರಿ ಸಿಗುತ್ತೆ. ಕಿಸೆಗೆ ಕ್ಲಿಪ್ ಹಾಕಿದರೆ ಮುಂದಕ್ಕೆ ಬೆಳಕು ಬೀಳುತ್ತೆ. ಬುಡದಲ್ಲಿ ಆಯಸ್ಕಾಂತ ಇರುತ್ತೆ, ಸ್ಟಾರ್ಟರಿನ ಕಬ್ಬಿಣದ ಡಬ್ಬಿಗೆ ಅಂಟಿಸಿದರೆ ಎರಡೂ ಕೈ ಖಾಲಿ. ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು ಸ್ಟಾರ್ಟರ್ ಒಳಗೆ ಕೈ ಹಾಕೋ ಚಟ ನಮ್ಮ ಕಡೆ ಬಹಳ ಮಂದಿಗೆ ಐತಿ. ಒದ್ದೆ ಕಾಲು, ತ್ರೀ ಫೇಸ್ ಕರೆಂಟು, ಬಾಯಲ್ಲಿ ಲೋಹದ ಬ್ಯಾಟರಿ. ದಯವಿಟ್ಟು ಬಿಡ್ರಿ.

ನೇಕಾರರಿಗೆ ಒಂದು ಮಾತು ಹೇಳದೇ ಮುಂದೆ ಹೋದರೆ ಬನಹಟ್ಟಿಯವನು ಅಂತ ಹೇಳಿಕೊಳ್ಳೋಕೆ ನನಗೆ ನಾಚಿಕೆ. ನಮ್ಮಲ್ಲಿ ಓಣಿ ಓಣಿಗೆ ಪಾವರ್‌ಲೂಮ್ ಸಪ್ಪಳ. ಎಳೆ ಹರಿದಾಗ ಮಗ್ಗದ ಸಂದಿಯಲ್ಲಿ, ಕರೆಂಟ್ ಹೋದಾಗ ನೂಲಿನ ಗಂಟು ಹುಡುಕುವಾಗ ಬ್ಯಾಟರಿ ಬೇಕೇ ಬೇಕು. ಒಬ್ಬ ಕಾಕಾ ಅಂಗಡಿಗೆ ಬಂದು, ‘ತಮ್ಮಾ, ಈ ಬ್ಯಾಟ್ರ್ಯಾಗ ಕರೀ ನೂಲು ಯಾವ್ದು, ನೇರಳಿ ನೂಲು ಯಾವ್ದು ಒಂದೂ ತಿಳಿವಲ್ದು’ ಅಂದರು. ಕಾಕಾನ ಕಣ್ಣಿನ ತಪ್ಪಲ್ಲ ಅದು. ಅಗ್ಗದ ಎಲ್‌ಇಡಿಯ ಬೆಳಕಲ್ಲಿ ನೀಲಿ ಜಾಸ್ತಿ, ಕಡು ಕೆಂಪು ಬಹಳ ಕಡಿಮೆ. ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಸೀರೆಯ ಕೆಂಪು ಕಣ್ಣಿಗೆ ಎಲ್ಲಿಂದ ಬರಬೇಕು? ಮರೂನ್ ಹೋಗಿ ಕಂದು ಕಾಣುತ್ತೆ, ನೇರಳೆ ಹೋಗಿ ಕಪ್ಪು.

ಇದಕ್ಕೆ ಸಿಆರ್‌ಐ ಅಂತ ಒಂದು ಅಂಕಿ ಐತಿ, ಬಣ್ಣ ಎಷ್ಟು ಖರೆಯಾಗಿ ಕಾಣುತ್ತೆ ಅನ್ನೋದಕ್ಕೆ. ಸೂರ್ಯನ ಬೆಳಕಿಗೆ 100. ಸಾಮಾನ್ಯ ಬ್ಯಾಟರಿ 70ರ ಸುತ್ತ. 90ರ ಮೇಲೆ ಇರೋದನ್ನ ಹುಡುಕಿ ತಗೊಂಡರೆ ನೂಲಿನ ಬಣ್ಣ ತಿಳಿಯುತ್ತೆ. ಬೆಳಕಿನ ಮಟ್ಟ ಸ್ವಲ್ಪ ಕಡಿಮೆ ಇರುತ್ತೆ, ಅಡ್ಡಿಯಿಲ್ಲ. ಕೆಲ್ವಿನ್ ಅಂತ ಇನ್ನೊಂದು ಅಂಕಿ. 6500 ಅಂದರೆ ನೀಲಿ ಬಿಳಿ, 3000 ಅಂದರೆ ಹಳೆ ಬಲ್ಬಿನ ಹಳದಿ. 4000ದಿಂದ 5000 ನಡುವೆ ತಗೊಳ್ಳಿ. ಹೊಲದಲ್ಲೂ ಇದರ ಉಪಯೋಗ ನನಗೆ ಕಂಡಿದೆ. ಒಣ ರವದಿ ಕಂದು, ಮಣ್ಣು ಕಂದು, ಕೊಳಕುಮಂಡಲವೂ ಕಂದು. ನೀಲಿ ಬೆಳಕಲ್ಲಿ ಮೂರೂ ಒಂದೇ ಬೂದಿ ಬಣ್ಣ. ಬೆಚ್ಚನೆ ಬೆಳಕಲ್ಲಿ ಅಷ್ಟಿಷ್ಟು ಬೇರೆ ಬೇರೆ ಕಾಣ್ತಾವ. ಅಂಗಡಿಗೆ ಹೋಗುವಾಗ ಎರಡು ಬಣ್ಣದ ನೂಲಿನ ತುಂಡು ಕಿಸೆಯಲ್ಲಿ ಹಾಕಿಕೊಂಡು ಹೋಗ್ರಿ, ಬೇರೆ ಪರೀಕ್ಷೆ ಬೇಡ.

ಸೆಲ್ಲಿನ ವಿಷಯಕ್ಕೆ ಬರ್ತೀನಿ, ಮೋಸ ಜಾಸ್ತಿ ಇರೋದು ಇಲ್ಲೇ. ಗೋಡೆಯ ಪ್ಲಗ್ಗಿಗೆ ನೇರ ಚುಚ್ಚಿ ಚಾರ್ಜ್ ಮಾಡೋ ಪ್ಲಾಸ್ಟಿಕ್ ಬ್ಯಾಟರಿಗಳಲ್ಲಿ ಬಹಳಷ್ಟರ ಒಳಗೆ ಇರೋದು 4 ವೋಲ್ಟಿನ ಸಣ್ಣ ಲೆಡ್ ಆಸಿಡ್ ಸೆಲ್ಲು. ಅದನ್ನು ಖಾಲಿ ಮಾಡಿ ಎರಡು ತಿಂಗಳು ಮೂಲೆಯಲ್ಲಿ ಇಟ್ಟರೆ ಸತ್ತೇ ಹೋಗುತ್ತೆ. ಹಂಗಾಗಿ ಅಂಥವು ಒಂದು ವರ್ಷ ಬಂದರೆ ಪುಣ್ಯ. ನಿಮ್ಮ ಮನೆಯಲ್ಲಿ ಈಗಾಗಲೇ ಇದ್ದರೆ ತಿಂಗಳಿಗೊಮ್ಮೆ ಚಾರ್ಜ್ ಮಾಡ್ತಾ ಇರ್ರಿ, ಪ್ಲಗ್ಗಿನಲ್ಲಿ ಇರುವಾಗ ಮಾತ್ರ ಬಿಚ್ಚಬೇಡ್ರಿ.

ಎಎ ಸೆಲ್ಲಿನ ಬ್ಯಾಟರಿ, ಅಂದರೆ ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ ಆ ಸೆಲ್ಲು, ವಯಸ್ಸಾದವರಿಗೆ ಒಳ್ಳೇದು. ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತೆ, ಚಾರ್ಜಿನ ತಲೆಬಿಸಿ ಇಲ್ಲ. ಆದರೆ ಗಡಿಯಾರದ ಅಗ್ಗದ ಸೆಲ್ಲಿಗೆ ಜೋರು ಬೆಳಕು ಎಳೆಯೋ ಶಕ್ತಿ ಇಲ್ಲ, ಅಲ್ಕಲೈನ್ ಹಾಕಬೇಕು, ತಿಂಗಳುಗಟ್ಟಲೆ ಉಪಯೋಗ ಇಲ್ಲದಿದ್ದರೆ ತೆಗೆದಿಡಬೇಕು. ಇದೇ ಅಳತೆಯ ಲಿಥಿಯಂ ಸೆಲ್ಲು ಒಂದು ಬರುತ್ತೆ, 14500 ಅಂತ. ನೋಡೋಕೆ ಥೇಟ್ ಅದೇ, ವೋಲ್ಟು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು. ಸುಮ್ಮನೆ ಕೂಡುತ್ತೆ ಅಂತ ಹಾಕಿದರೆ ಬ್ಯಾಟರಿ ಸುಟ್ಟಿತು ಅಂತಲೇ ತಿಳೀರಿ.

ದಿನಾ ಹೊಲಕ್ಕೆ ಹೋಗೋರಿಗೆ ನನ್ನ ಆಯ್ಕೆ ಒಂದು 18650 ಸೆಲ್ಲಿನ, ಸೆಲ್ಲು ಹೊರಗೆ ತೆಗೆಯೋಕೆ ಬರುವ, ಟೈಪ್ ಸಿ ಚಾರ್ಜಿನ ಬ್ಯಾಟರಿ. ತೆಗೆಯೋಕೆ ಬರಬೇಕು ಯಾಕೆ ಅಂದರೆ ಮೂರು ವರ್ಷಕ್ಕೆ ಸೆಲ್ಲು ದಣಿಯುತ್ತೆ, ಬ್ಯಾಟರಿ ದಣಿಯೋದಿಲ್ಲ. ಒಳಗೇ ಮುಚ್ಚಿಬಿಟ್ಟಿದ್ದರೆ ಎರಡನ್ನೂ ಒಗೀಬೇಕು. ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಕೈ ಮುಗಿದು ವಾಪಸ್ ಕೊಡ್ರಿ. ಜಗತ್ತಿನ ದೊಡ್ಡ ಕಂಪನಿಗಳ ಈ ಅಳತೆಯ ಸೆಲ್ಲೇ 3500ರ ಆಸುಪಾಸಿಗೆ ನಿಲ್ಲುತ್ತೆ. ತೂಕ ನೋಡಿದರೂ ತಿಳಿಯುತ್ತೆ, ಒಳ್ಳೆ ಸೆಲ್ಲು ಸುಮಾರು 45 ಗ್ರಾಂ. ಬಂಗಾರದ ಅಂಗಡಿ ತಕ್ಕಡಿ ಬೇಕಿಲ್ಲ, ಎರಡು ಸೆಲ್ಲು ಎರಡು ಕೈಯಲ್ಲಿ ಹಿಡಿದರೆ ಸಾಕು.

ಚಾರ್ಜಿನ ಒಂದು ಕಿರಿಕಿರಿ. ಹೊಸ ಮೊಬೈಲಿನ ಎರಡೂ ಕಡೆ ಸಿ ಇರುವ ವೈರಿನಿಂದ ಕೆಲವು ಬ್ಯಾಟರಿ ಚಾರ್ಜ್ ಆಗೋದೇ ಇಲ್ಲ. ಜನ ಕೆಟ್ಟಿದೆ ಅಂತ ವಾಪಸ್ ತರ್ತಾರೆ. ಬ್ಯಾಟರಿಯೊಳಗೆ ಎರಡು ಪುಟ್ಟ ರೆಸಿಸ್ಟರ್ ಹಾಕೋದನ್ನ ತಯಾರಿಸಿದವರು ಉಳಿಸಿರ್ತಾರೆ, ಅದಕ್ಕೆ ಚಾರ್ಜರಿಗೆ ಗುರುತು ಸಿಗೋದಿಲ್ಲ. ಹಳೆ ಚಾರ್ಜರ್, ಅಗಲ ಬಾಯಿಯ ವೈರು ಹಾಕಿದರೆ ನಡೆಯುತ್ತೆ.

ನಮ್ಮ ಬಿಸಿಲು ಗೊತ್ತಲ್ಲ. ಏಪ್ರಿಲ್, ಮೇದಲ್ಲಿ 40 ಡಿಗ್ರಿ ದಾಟುತ್ತೆ, ಬೈಕಿನ ಡಿಕ್ಕಿಯೊಳಗೆ ಇನ್ನೂ ಹೆಚ್ಚು. ಲಿಥಿಯಂ ಸೆಲ್ಲನ್ನು ಅಲ್ಲಿ ಬಿಡಬೇಡ್ರಿ. ಬಿಸಿ ಆಗಿರುವಾಗಲೇ ಚಾರ್ಜಿಗೂ ಹಾಕಬೇಡ್ರಿ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಜೊತೆ ಕಿಸೆಗೆ ಹಾಕಿದರೆ ಕಿಸೆಯೇ ಹೊತ್ತಿಕೊಳ್ಳಬಹುದು. ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ, ಮೇಲಿನ ಪದರ ಹರಿದ ಸೆಲ್ಲು 50 ರೂಪಾಯಿಗೆ ಸಿಗ್ತಾವ, ಅದರ ತಂಟೆ ಬೇಡ. ಚಾರ್ಜಿಗೆ ಹಾಕಿದ್ದನ್ನು ಹಾಸಿಗೆ ಮೇಲೆ ಇಟ್ಟು ಮಲಗಬೇಡ್ರಿ, ಕಲ್ಲಿನ ಮೇಲೆ ಇಡ್ರಿ. ಮಗ್ಗದ ಮನೆಯವರಂತೂ ನೂಲಿನ ಹತ್ತಿರ ಇಡಲೇಬಾರದು.

ನೀರು. ಡಬ್ಬಿ ಮೇಲೆ ಐಪಿಎಕ್ಸ್ 4 ಅಂದರೆ ಮಳೆ ಹನಿಗೆ ತಡೆಯುತ್ತೆ, ಅಷ್ಟೇ. ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ತಾಸು. ಕಾಲುವೆಯಲ್ಲಿ ಕೈಜಾರಿ ಬೀಳೋದು ನಮ್ಮಲ್ಲಿ ದಿನದ ಮಾತು, ಹಂಗಾಗಿ 7 ಇಲ್ಲ 8 ನೋಡ್ರಿ. 2019ರ ಆಗಸ್ಟಿನಲ್ಲಿ ಕೃಷ್ಣಾ ಹೊಳಿ ಬಂದಾಗ ದಂಡೆಯ ಊರಿನವರು ಹೆಂಗ ರಾತ್ರೋರಾತ್ರಿ ಮನೆ ಬಿಟ್ಟು ಬಂದರು ಅನ್ನೋದು ಯಾರಿಗೂ ಮರೆತಿಲ್ಲ. ಕರೆಂಟು ಇಲ್ಲ, ದನ ಬಿಚ್ಚಬೇಕು, ಮುದುಕರನ್ನು ಎತ್ತಬೇಕು. ಹೊಳಿ ದಂಡೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ನೀರು ಹೋಗದ ಬ್ಯಾಟರಿ, ಚಾರ್ಜ್ ಮಾಡಿದ ಇನ್ನೊಂದು ಸೆಲ್ಲು ಒಣ ಡಬ್ಬಿಯಲ್ಲಿ ಇರಲೇಬೇಕು. ಚಾರ್ಜಿನ ತೂತಿನ ಮೇಲಿನ ರಬ್ಬರು ಮುಚ್ಚಳ ಹರಿದಿದ್ದರೆ ಐಪಿಎಕ್ಸ್ ಯಾವ ಅಂಕಿ ಇದ್ದರೂ ಸೊನ್ನೆ.

ಕಬ್ಬು ಕಡಿಯೋ ಹಂಗಾಮಿನಲ್ಲಿ ಇನ್ನೊಂದು ಉಪಯೋಗ. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರು ರಾತ್ರಿ ರಸ್ತೆ ಪಕ್ಕ ಕೆಟ್ಟು ನಿಂತಿರುತ್ತೆ, ಹಿಂದೆ ಲೈಟಿಲ್ಲ, ರೇಡಿಯಂ ಇಲ್ಲ. ಹಿಂದಿನಿಂದ ಬೈಕಿನವನಿಗೆ ಕಾಣೋದೇ ಇಲ್ಲ. ಪಕಪಕ ಮಿನುಗೋ ಬೆಳಕನ್ನ ನಾನು ಬೈದೆನಲ್ಲ, ಅದು ಕೆಲಸಕ್ಕೆ ಬರೋದು ಇಲ್ಲಿ ಒಂದೇ ಕಡೆ. ಆಯಸ್ಕಾಂತದ ಬ್ಯಾಟರಿಯನ್ನು ಟ್ರಾಲಿಯ ಹಿಂಬದಿಗೆ ಅಂಟಿಸಿ ಮಿನುಗೋಕೆ ಬಿಡ್ರಿ. ಬರೋರ ಕಣ್ಣಿಗೆ ನೇರ ಬೇಡ, ಸ್ವಲ್ಪ ಕೆಳಗೆ ಮುಖ ಮಾಡಿ.

ಬೆಲೆ ಎಷ್ಟು ಅಂತ ಕೇಳ್ತೀರಿ. ನಾನು ಹೇಳಿದ್ದೆಲ್ಲ ಇರುವಂಥದ್ದು ಸುಮಾರು 1000ದಿಂದ 2000 ರೂಪಾಯಿ ಒಳಗೆ ಬರುತ್ತೆ. ‘ಯಪ್ಪಾ, ಬ್ಯಾಟ್ರಿಗೆ ಇಷ್ಟಾ?’ ಅಂತಾರೆ. ವರ್ಷಕ್ಕೆ ಎರಡರಂತೆ 350ರ ಬ್ಯಾಟರಿ ಒಗೆಯೋರು ಮೂರು ವರ್ಷದ ಲೆಕ್ಕ ಹಾಕಿ ನೋಡ್ಲಿ. ದುಡ್ಡು ಆಗೋದಿಲ್ಲ ಅಂದರೆ ಗಮ್‌ಬೂಟಿಗೆ ಮೊದಲು ಹಾಕ್ರಿ, ಉಳಿದದ್ದರಲ್ಲಿ ಝೂಮ್ ಇಲ್ಲದ ಒಂದು ಎಎ ಸೆಲ್ಲಿನ ಬ್ಯಾಟರಿ ತಗೊಳ್ರಿ. ಅದೂ ಕೆಲಸ ಮಾಡುತ್ತೆ.

ಇಷ್ಟೆಲ್ಲ ಮಾಡಿದರೂ ಹಾವು ಕಚ್ಚಿತು ಅಂತಿಟ್ಟುಕೊಳ್ಳಿ. ಬ್ಯಾಟರಿ ಹಿಡಿದು ಹಾವು ಹುಡುಕೋಕೆ ಹೋಗಬೇಡ್ರಿ, ನಮ್ಮಲ್ಲಿ ನಾಲ್ಕು ಮುಖ್ಯ ವಿಷದ ಹಾವಿಗೂ ಒಂದೇ ಔಷಧ ನಡೆಯುತ್ತೆ. ಹಗ್ಗ ಬಿಗಿಯೋದು, ಬ್ಲೇಡಿನಿಂದ ಕೊಯ್ಯೋದು, ಬಾಯಿಂದ ಹೀರೋದು ಬೇಡ. ಉಂಗುರ, ಕಾಲುಂಗುರ, ಕೈದಾರ ತೆಗೀರಿ, ಬಾವು ಬಂದರೆ ಆಮೇಲೆ ಬರೋದಿಲ್ಲ. ಕಾಲು ಅಲ್ಲಾಡದಂತೆ ಒಂದು ಕಟ್ಟಿಗೆ ಪಟ್ಟಿಗೆ ಸಡಿಲಾಗಿ ಕಟ್ಟಿ, ಕಚ್ಚಿದ ಹೊತ್ತು ನೆನಪಿಟ್ಟು, 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ ಹೋಗ್ರಿ. ಮಂತ್ರ ಹಾಕೋರ ಮನೆಗೆ ಹೋಗಿ ಎರಡು ತಾಸು ಕಳೆದು ಆಮೇಲೆ ಆಸ್ಪತ್ರೆಗೆ ಬಂದರೆ ಆ ಎರಡು ತಾಸು ಯಾರೂ ತಿರುಗಿ ಕೊಡೋದಿಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಮನೆಯಲ್ಲಿ ಇರೋ ಬ್ಯಾಟರಿಯ ಹಿಂದಿನ ಮುಚ್ಚಳ ಬಿಚ್ಚಿ, ಒಣ ಬಟ್ಟೆಯಿಂದ ತಿರುಪಿನ ಎಳೆ ಒರೆಸಿ, ಒಳಗಿನ ಕರಿ ರಬ್ಬರಿನ ಉಂಗುರ ಸೀಳಿದೆಯಾ ನೋಡ್ರಿ. ಕಿಸೆಯಲ್ಲಿ ತಾನೇ ಹತ್ತಿಕೊಂಡು ಸುಡುತ್ತೆ ಅನ್ನೋರು ಆ ಮುಚ್ಚಳವನ್ನ ಕಾಲು ಸುತ್ತು ಸಡಿಲ ಮಾಡಿ ಇಡ್ರಿ, ಬಹಳಷ್ಟು ಲೋಹದ ಬ್ಯಾಟರಿಗಳಲ್ಲಿ ಅಷ್ಟಕ್ಕೇ ಕರೆಂಟ್ ಕಡಿದುಹೋಗುತ್ತೆ. ಕೆಟ್ಟ ಸೆಲ್ಲನ್ನು ಒಲೆಗೆ, ಹೊಳಿಗೆ ಹಾಕಬೇಡ್ರಿ, ಯಾವುದಾದರೂ ಎಲೆಕ್ಟ್ರಿಕ್ ಅಂಗಡಿಗೆ ತಂದು ಕೊಡ್ರಿ, ನಮ್ಮ ಅಂಗಡಿಯೂ ಅದರಲ್ಲಿ ಒಂದು. ಪ್ರಶ್ನೆ ಇದ್ದರೆ ಬರೆದು ಕಳಿಸ್ರಿ.